ಮೇಷ್ಟ್ರು ಕಾಣದ ಸುಂಟರಗಾಳಿ

ಸುಂಟರಗಾಳಿ ಮನೆಯ ಮೇಲೆ ಹಾದುಹೋದಾಗ ಗಾಳಿ ಮೇಷ್ಟ್ರು ಪೇಟೆಯ ವರ್ಕ್‌ಶಾಪಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ. ಬೇರಿಂಗ್ ಕಿರುಗುಟ್ಟುತ್ತಿದೆಯೆಂದು ಅವತ್ತೇ ಅದನ್ನು ಮಹಡಿಯಿಂದ ಬಿಚ್ಚಿ ತಂದಿದ್ದರು. ವಿಜ್ಞಾನದ ಪಾಠ ಹೇಳಿ ನಿವೃತ್ತರಾದ ಮೇಲೂ ದಿನಾ ಮಳೆ, ಗಾಳಿ, ಒತ್ತಡ ಅಳೆದು ಹವಾಮಾನ ಕಚೇರಿಗೆ ಕಳಿಸುತ್ತಿದ್ದ ಮನುಷ್ಯ ಅವರು; ಅದಕ್ಕೇ ಊರವರಿಗೆ ಗಾಳಿ ಮೇಷ್ಟ್ರು. ಒಂದು ಸುಂಟರಗಾಳಿಯನ್ನು ಕಣ್ಣಾರೆ ಕಾಣಬೇಕೆಂಬುದು ಜೀವಮಾನದ ಆಸೆ. ಕಂಡದ್ದು ಅವರ ಹೆಂಡತಿ. ಅದೂ ಒಣಗಿದ ಬಟ್ಟೆ ಎತ್ತಲು ಹಿತ್ತಲಿಗೆ ಹೋದಾಗ.

ಹಾನಿ ಹೆಚ್ಚೇನೂ ಆಗಿರಲಿಲ್ಲ. ಕೊಟ್ಟಿಗೆಯ ತಗಡುಗಳು ಹಾರಿ ರಸ್ತೆಗೆ ಬಿದ್ದಿದ್ದವು, ನೀರಿನ ಟ್ಯಾಂಕಿನ ಮುಚ್ಚಳ ನಾಪತ್ತೆ, ಒಂದು ದಿಂಬಿನ ಚೀಲ ಕರೆಂಟ್ ಕಂಬ ಹತ್ತಿ ಕೂತಿತ್ತು. ಪಕ್ಕದಲ್ಲೇ ಇದ್ದ ತಮ್ಮನ ಹೊಲದಲ್ಲಿ ಒಂದಷ್ಟು ಮೆಕ್ಕೆಜೋಳ ಮಲಗಿತ್ತು. ಸುದ್ದಿ ಮಾತ್ರ ಊರೆಲ್ಲ ಸುತ್ತಿತು. ಸಂಜೆ ಬಂದವರೆಲ್ಲ ಮೇಷ್ಟ್ರನ್ನು ದಾಟಿಕೊಂಡು ಸೀದಾ ಅಡುಗೆಮನೆಗೆ ಹೋದರು.

"ಹೇಗಿತ್ತಕ್ಕಾ?" ಹಾಲಿನವಳು ಬಾಯಿ ಬಿಟ್ಟುಕೊಂಡು ಕೇಳಿದಳು.

"ಬಚ್ಚಲಲ್ಲಿ ನೀರು ಸುತ್ತಿ ಸುತ್ತಿ ಇಳಿಯುತ್ತಲ್ಲ, ಅದನ್ನ ಆಕಾಶಕ್ಕೆ ನೇತುಹಾಕಿದ ಹಾಗೆ. ದಿಂಬಿನ ಚೀಲ ನನ್ನ ಕೈಯಿಂದಲೇ ಕಿತ್ಕೊಂಡು ಹೋಯ್ತು ಕಣೇ!"

"ಯಾವ ಕಡೆ ತಿರುಗ್ತಿತ್ತು?" ಮೇಷ್ಟ್ರು ನಡುಮನೆಯಿಂದಲೇ ಕೇಳಿದರು.

"ಅಯ್ಯೋ, ಅದನ್ನೆಲ್ಲ ಯಾರ್ರೀ ನೋಡ್ತಾರೆ? ಜೀವ ಬಾಯಿಗೆ ಬಂದಿತ್ತು."

"ನಿನಗೇನು ಗೊತ್ತಾಗುತ್ತೆ. ಬರೀ ಬಿರುಗಾಳಿ. ಧೂಳೆದ್ದಿರಬೇಕು."

ತಮ್ಮ ನಕ್ಕುಬಿಟ್ಟ. "ಅತ್ತಿಗೆ, ಒಲೆ ಮೇಲೆ ಏನಾದ್ರೂ ಸೀದುಹೋಯ್ತಾ? ಅಲ್ಲ ಬಿಡಿ, ಅಣ್ಣನ ಹೊಟ್ಟೆ."

ಎಲ್ಲರೂ ಹೋದ ಮೇಲೆ ಮೇಷ್ಟ್ರು ಒಬ್ಬರೇ ಮೆಕ್ಕೆಜೋಳದ ಹೊಲಕ್ಕೆ ಹೋದರು. ದಕ್ಷಿಣದ ಅಂಚಿನ ದಂಟುಗಳು ಪೂರ್ವಕ್ಕೆ ತಲೆ ಮಾಡಿ ಬಿದ್ದಿದ್ದವು. ಉತ್ತರದ ಅಂಚಿನವು ಪಶ್ಚಿಮಕ್ಕೆ. ನೇರವಾಗಿ ಬೀಸುವ ಗಾಳಿ ಎಲ್ಲವನ್ನೂ ಒಂದೇ ಕಡೆ ಮಲಗಿಸುತ್ತದೆ. ಇದು ತಿರುಗಿದ ಗಾಳಿ. ಹೆಂಡತಿ ಹೇಳಿದ್ದು ಅಕ್ಷರಶಃ ನಿಜ.

"ನಾಳಿದ್ದು ಬಿದ್ದಿದ್ದನ್ನೆಲ್ಲ ಕೊಯ್ದು ದನಕ್ಕೆ ಹಾಕ್ತೀನಿ ಅಣ್ಣಾ," ಬದುವಿನ ಆಚೆಯಿಂದ ತಮ್ಮ ಕೂಗಿದ.

"ಹಾಕು," ಎಂದರು ಮೇಷ್ಟ್ರು.

ಮರುದಿನ ಹವಾಮಾನ ಕಚೇರಿಯಿಂದ ಒಬ್ಬ ಹುಡುಗಿ ಬಂದಳು. ತಗಡುಗಳು ಬಿದ್ದ ಜಾಗ ನೋಡಿದಳು, ಕೊಟ್ಟಿಗೆ ನೋಡಿದಳು. "ಎಲ್ಲ ಒಂದೇ ದಿಕ್ಕಿಗೆ ಹಾರಿವೆ. ಬಿರುಗಾಳಿ ಅಂತ ಬರೀತೀನಿ."

"ಇಲ್ಲಮ್ಮಾ, ನಾನು ಕಣ್ಣಾರೆ ನೋಡಿದೆ," ಹೆಂಡತಿ ಎಂದಳು.

"ಹೆದರಿಕೆಯಲ್ಲಿ ಹಾಗೆ ಕಾಣುತ್ತೆ ಆಂಟಿ. ನೀವೇನಂತೀರಿ ಸರ್?"

ಮೇಷ್ಟ್ರು ಹೊಲದ ಮಾತೆತ್ತದೆ ಕೊಟ್ಟಿಗೆಯ ಕಡೆ ತಿರುಗಿದರು. ನಿನ್ನೆಯಿಂದ ಎದೆಯಲ್ಲಿ ಕೂತಿದ್ದ ಮುಳ್ಳಿಗೆ ಯಾರೋ ಎಣ್ಣೆ ಸವರಿದಂತಿತ್ತು. ಬಿರುಗಾಳಿಯೆಂದು ದಾಖಲಾದರೆ ಅವಳೂ ಕಂಡಂತಲ್ಲ. ಯಾರೂ ಕಾಣದ ಸುಂಟರಗಾಳಿಯ ಮೇಲೆ ಯಾರಿಗೂ ಹಕ್ಕಿಲ್ಲ.

ಹೆಂಡತಿ ಅವರ ಮುಖ ನೋಡಲೂ ಇಲ್ಲ. ತಂತಿಯ ಮೇಲಿನ ಬಟ್ಟೆ ಮಡಚತೊಡಗಿದಳು. "ಇರಬಹುದಮ್ಮಾ. ನನಗೇನು ಗೊತ್ತಾಗುತ್ತೆ."

ಅದು ಅವರದೇ ಮಾತು. ಅವಳ ಬಾಯಲ್ಲಿ ಕೇಳಿದಾಗ ಹಿತವೆನಿಸಲಿಲ್ಲ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡರು.

"ಬಾಮ್ಮಾ, ಮೆಕ್ಕೆಜೋಳ ನೋಡು. ಬರೆಯೋದು ಆಮೇಲೆ."

ಹೊಲದ ದಕ್ಷಿಣದ ಅಂಚಿನಲ್ಲಿ ಹುಡುಗಿ ದಂಟು ಬಿದ್ದ ದಿಕ್ಕನ್ನಷ್ಟೇ ಬರೆದುಕೊಂಡಳು. ಉತ್ತರದ ಅಂಚಿಗೆ ಬಂದವಳೇ ಮೊಬೈಲ್ ತೆಗೆದು ಒಂದಾದ ಮೇಲೊಂದು ಫೋಟೋ ಹೊಡೆದಳು. "ಸುಂಟರಗಾಳಿನೇ ಸರ್! ದುರ್ಬಲದ್ದು, ಆದ್ರೂ ಸುಂಟರಗಾಳಿ. ನೋಡಿದವರು ಅಂತ ನಿಮ್ಮ ಹೆಸರು ಹಾಕ್ಲಾ?"

ಹಾಕು ಎನ್ನಲು ನಾಲಿಗೆ ಎದ್ದೇಬಿಟ್ಟಿತ್ತು.

"ನಾನಲ್ಲ. ಅವಳು."

ಹುಡುಗಿ ಹೋದ ಮೇಲೆ ಹೆಂಡತಿ ಕೇಳಿದಳು, "ಹೊಲ ಯಾವಾಗ ನೋಡಿದ್ರಿ?"

"ನಿನ್ನೆ."

ಅವಳು "ಹೂಂ" ಎಂದಳು. ಒಂದು ಟವೆಲ್ಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ಸದ್ದು ಹೇಗಿತ್ತು? ಮೊದಲಿಂದ ಹೇಳು."

"ಹೇಳಿದ್ರೆ ಅರ್ಧಕ್ಕೇ ಪಾಠ ಶುರು ಮಾಡ್ತೀರಿ."

"ಇಲ್ಲ ಮಾರಾಯ್ತಿ."

"ಅಲ್ಲಿ ನಿಂತಿದ್ದೆ," ತಂತಿಯ ತುದಿ ತೋರಿಸಿದಳು. "ಮೊದಲು ಕಿವಿ ಕಟ್ಟಿಕೊಳ್ತು. ಆಮೇಲೆ... ರೀ, ನೀವು ನೋಡಬೇಕಿತ್ತು."

ಕಿವಿ ಕಟ್ಟಿದ್ದು ಒತ್ತಡ ಕುಸಿದದ್ದಕ್ಕೆ. ಹೇಳಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಕೇಳುತ್ತಾ ಕೂತರು.