ಅಚ್ಚಿನಲ್ಲಿ ಬಾರದ ಮೂವತ್ತೊಂದು ಚುಕ್ಕೆ

ನನ್ನ ಹೆಂಡತಿ ಬುರುಲ್ ತೀರಿಕೊಂಡ ನಲವತ್ತನೆಯ ದಿನದ ಊಟ ಇಟ್ಟುಕೊಂಡಿದ್ದ ದಿನವೇ ನಮ್ಮ ಬೀದಿಯ ಗ್ರಾಫನ್ನು ರಾಜಧಾನಿ ಬಿಷ್ಕೆಕ್‌ನ ಸಮಿತಿಗೆ ಕಳುಹಿಸಬೇಕಾಗಿತ್ತು. ಎರಡನ್ನೂ ಮುಂದೂಡುವಂತಿರಲಿಲ್ಲ.

ನಮ್ಮೂರು ಕರಾ-ಜಾರ್‌ನ ಕೆಳಬೀದಿ ಹಳೆಯ ಗಣಿಯ ಧೂಳೇಳುವ ಕಸದ ದಿಬ್ಬಕ್ಕೆ ಅಂಟಿಕೊಂಡಿದೆ. ಅಲ್ಲಿನ ಮನೆಗಳನ್ನು ಎಬ್ಬಿಸಿ ಬೇರೆ ಕಡೆ ಕಟ್ಟಿಸಿಕೊಡಬೇಕೋ ಬೇಡವೋ ಎಂಬುದನ್ನು ಆ ಸಮಿತಿ ತೀರ್ಮಾನಿಸಬೇಕಾಗಿತ್ತು. ಒಂದು ಊರಿಗೆ ಒಂದೇ ಪುಟ, ಒಂದೇ ಚಿತ್ರ ಎಂದು ಅವರ ಕಟ್ಟಪ್ಪಣೆ. ಮೂವತ್ತೆಂಟು ವರ್ಷ ಜಿಲ್ಲೆಯ ಆರೋಗ್ಯ ಕಚೇರಿಯಲ್ಲಿ ಅಂಕಿಅಂಶದ ಕೆಲಸ ಮಾಡಿ ನಿವೃತ್ತನಾದ ನಾನು ಆ ಚಿತ್ರವನ್ನು ನನ್ನ ಕೈಯಾರೆ ಮಾಡಿದೆ.

ಒಬ್ಬ ಮನುಷ್ಯನಿಗೆ ಒಂದು ಚುಕ್ಕೆ. ಅಡ್ಡಲಾಗಿ ದಿಬ್ಬದಿಂದ ಮನೆಗಿರುವ ದೂರ, ಮೇಲ್ಮುಖವಾಗಿ ವಯಸ್ಸು. ಬದುಕಿರುವವರು ಗಟ್ಟಿ ನೀಲಿ. ಎದೆಯ ರೋಗದಿಂದ ಹೋದ ಮೂವತ್ತೊಂದು ಮಂದಿಗೆ ಮೊದಲು ಕಪ್ಪು ಹಾಕಿದ್ದೆ. ಆದರೆ ಬುರುಲ್‌ಳ ಚುಕ್ಕೆ ಪಕ್ಕದ ಮನೆಯ ಮುದುಕಿಯ ಚುಕ್ಕೆಯ ಕೆಳಗೆ ಮುಚ್ಚಿಹೋಯಿತು. ನನ್ನ ಮನಸ್ಸು ಒಪ್ಪಲಿಲ್ಲ. ಒಬ್ಬರ ಸಾವು ಇನ್ನೊಬ್ಬರ ಸಾವನ್ನು ಮರೆಮಾಡಬಾರದೆಂದು ಸತ್ತವರಿಗೆಲ್ಲ ಕೆಳಗಿನದು ಕಾಣುವಂಥ ತೆಳುವಾದ, ಪಾರದರ್ಶಕ ಬೂದಿ ಬಣ್ಣ ಕೊಟ್ಟೆ. ಆಗ ಪರದೆಯ ಮೇಲೆ ದಿಬ್ಬದ ಬದಿಗೆ ಮಂಜು ಕವಿದಂತೆ ಕಂಡಿತು. ಅದನ್ನು ನೋಡಿದ ಯಾರೂ ಆ ಬೀದಿಯಲ್ಲಿ ಇನ್ನೊಂದು ಮಗು ಹುಟ್ಟಲು ಬಿಡಲಾರರು ಎಂದುಕೊಂಡೆ.

ಸಮಿತಿಗೆ ಬೇಕಾಗಿದ್ದುದು ವೆಕ್ಟರ್ ಕಡತ. ಚಿತ್ರವನ್ನು ಫೋಟೋದಂತೆ ಅಲ್ಲ, ಗೆರೆ ಗೆರೆಯಾಗಿ ಅಳತೆ ಬರೆದಿಡುವ ಕಡತ ಅದು. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಅದರಲ್ಲೂ ಅವರು ಕೇಳಿದ್ದು ವಿಂಡೋಸ್‌ನ ಮೆಟಾಫೈಲ್. ನನ್ನ ಮನೆಯ ಹಳೆಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ಅದರಿಂದ ಆ ಬಗೆಯ ಕಡತ ಹೊರಡುವುದಿಲ್ಲ. ಹಾಗಾಗಿ ವಿಂಡೋಸ್ ಇರುವ ಕಚೇರಿಯಲ್ಲಿ ನನ್ನ ಜಾಗಕ್ಕೆ ಬಂದ ಶಿಷ್ಯೆ ಅಸಿಲ್‌ಕಾನ್‌ಗೆ ಅಂಕಿಗಳನ್ನೂ ಚಿತ್ರ ಬರೆಯುವ ಪ್ರೋಗ್ರಾಮನ್ನೂ ಕಳುಹಿಸಿ ಫೋನು ಮಾಡಿದೆ. ಅವಳಿಗೆ ನಾನು ಇಂದಿಗೂ ಅಗಾಯ್, ಅಂದರೆ ಮೇಷ್ಟ್ರು.

"ಲೆಕ್ಕ ಎಲ್ಲಾ ಹಾಗೇ ಇರ್ಲಿ. ಕೊನೇ ಸಾಲು ಒಂದು ಬದಲಾಯಿಸಿ ಅಲ್ಲಿಂದ ಹೊರಡಿಸಮ್ಮ."

"ಹೊರಡಿಸ್ದೆ ಅಗಾಯ್. ಏನೋ ಕೆಂಪಕ್ಷರದಲ್ಲಿ ಎಚ್ಚರಿಕೆ ಬಂತಲ್ಲ?"

"ಅದು ದಿನಾ ಬರೋದೇ. ನಮ್ಮ ಕಿರ್ಗಿಜ್ ಅಕ್ಷರ ಕಂಡ್ರೆ ಅದಕ್ಕೆ ಮುನಿಸು. ಕಳ್ಸಿಬಿಡು."

"ತೆಗೆದು ಒಂದ್ಸಲ ನೋಡ್ಲಾ?"

"ಗೆರೆಯ ಕಡತದಲ್ಲಿ ನೋಡೋಕೇನಿದೆ? ಬರೆದದ್ದು ಬರೆದ ಹಾಗೇ ಇರುತ್ತೆ, ಇಷ್ಟು ವರ್ಷ ನಿನಗೆ ಏನು ಪಾಠ ಹೇಳಿದೆ ನಾನು? ಬೇಗ ಬಾ. ಮುಲ್ಲಾ ಬಂದು ಕೂತಿದ್ದಾರೆ, ಇಲ್ಲಿ ಊಟಕ್ಕೆ ಬೊರ್ಸೊಕ್ ರೊಟ್ಟಿ ಕರಿಯೋಕೆ ಕೈ ಸಾಲ್ತಿಲ್ಲ."

ಅವಳು ಕಳುಹಿಸಿ ಬಂದಳು. ನಾವು ಬುರುಲ್‌ಗಾಗಿ ಕುರಾನ್ ಓದಿಸಿದೆವು.

ಎರಡು ತಿಂಗಳಾದ ಮೇಲೆ ನೆರೆಯ ಸಾಬಿರ್‌ಕುಲ್ ಗ್ರಾಮ ಕಚೇರಿಯಿಂದ ಸಮಿತಿಯ ಪತ್ರವನ್ನೂ ಅಚ್ಚಾದ ಪುಸ್ತಕವನ್ನೂ ತಂದುಕೊಟ್ಟ. ಕೆಳಬೀದಿಯನ್ನು ಎಬ್ಬಿಸುವ ಅಗತ್ಯ ಕಂಡುಬಂದಿಲ್ಲ, ಹೊಸ ಮನೆ ಕಟ್ಟಲು ಅಡ್ಡಿಯಿಲ್ಲ ಎಂದು ಪತ್ರದಲ್ಲಿತ್ತು. ನಾನು ಪುಸ್ತಕ ತೆರೆದೆ. ನೀಲಿ ಚುಕ್ಕೆಗಳು ಸೂಜಿಯಿಂದ ಚುಚ್ಚಿದಷ್ಟು ಚೊಕ್ಕವಾಗಿದ್ದವು. ಬೂದಿಯ ಚುಕ್ಕೆ ಒಂದೂ ಇರಲಿಲ್ಲ. ಬಣ್ಣಗಳ ವಿವರಣೆಯಲ್ಲಿ 'ತೀರಿಕೊಂಡವರು' ಎಂಬ ಮಾತು ಮಾತ್ರ ಉಳಿದು ಅದರ ಪಕ್ಕ ಖಾಲಿಯಾಗಿತ್ತು.

ಸಮಿತಿಯ ಕಾರ್ಯದರ್ಶಿಗೆ ಫೋನು ಮಾಡಿದೆ. ಹುಡುಗ ಮರ್ಯಾದಸ್ಥ, ಹಿರಿಯರನ್ನು ಕರೆಯುವಂತೆ ಅಕ್ಸಕಾಲ್ ಎಂದೇ ಮಾತಾಡಿಸಿದ.

"ತೀರಿಕೊಂಡವರು ಅಂತ ಬರೆದು ಮುಂದೆ ಏನೂ ಹಾಕಿರ್ಲಿಲ್ಲ ಅಕ್ಸಕಾಲ್. ಒಬ್ಬರೂ ಸತ್ತಿಲ್ಲ ಅಂತ ನಾವೆಲ್ಲ ಸಂತೋಷಪಟ್ವಿ."

"ಮೂವತ್ತೊಂದು ಜನ ಸತ್ತಿದ್ದಾರಪ್ಪ. ನನ್ನ ಹೆಂಡತಿ ಅವರಲ್ಲಿ ಒಬ್ಬಳು."

ಅವನು ಊರಿನ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಂಡ. "ತಿದ್ದುಪಡಿ ಕಳಿಸಿ. ಆದ್ರೆ ಈ ಸಮಿತಿ ಮುಗೀತು. ಮುಂದಿನದು ಯಾವಾಗ ಕೂರುತ್ತೋ ನಂಗೂ ಗೊತ್ತಿಲ್ಲ."

ಅಸಿಲ್‌ಕಾನ್ ಆ ಕಡತವನ್ನು ಮತ್ತೆ ಹೊರಡಿಸಿ ನೋಡಿ, ಅಳುತ್ತಾ ಮನೆಗೆ ಬಂದಳು. ಆ ಬಗೆಯ ಕಡತಕ್ಕೆ ಪಾರದರ್ಶಕ ಬಣ್ಣ ಗೊತ್ತಿಲ್ಲವಂತೆ. ಗೊತ್ತಿಲ್ಲದ್ದನ್ನು ಬೇರೆ ಬಣ್ಣದಲ್ಲಿ ಬರೆಯುವುದೂ ಇಲ್ಲ, ಬಿಟ್ಟುಬಿಡುತ್ತದೆ. ಕೆಂಪಕ್ಷರ ಹೇಳಿದ್ದು ಅದನ್ನೇ. "ನಾನು ತೆಗೆದು ನೋಡ್ಬೇಕಿತ್ತು ಅಗಾಯ್," ಎಂದಳು. ಬೇಡವೆಂದವನು ನಾನು. ಅವಳ ತಲೆ ಸವರಿ ಕಳುಹಿಸಿದೆ.

ಅಲ್ಲಾಹನ ಪುಸ್ತಕದಿಂದ ಒಬ್ಬರೂ ಬಿಟ್ಟುಹೋಗುವುದಿಲ್ಲ ಎಂದು ನಂಬಿ ಬದುಕಿದವನು ನಾನು. ಈಗಲೂ ನಂಬುತ್ತೇನೆ. ಆದರೆ ಜನಕ್ಕೆ ಮನೆ ಕೊಡುವವರು ಆ ಪುಸ್ತಕ ನೋಡಿ ಕೊಡುವುದಿಲ್ಲ.

ವಸಂತದಲ್ಲಿ ಸಾಬಿರ್‌ಕುಲ್ ಕಿರಿಯ ಮಗನ ಮದುವೆ ಗೊತ್ತುಮಾಡಿ, ದಿಬ್ಬದ ಬುಡದಲ್ಲೇ ಹೊಸ ಮನೆಗೆ ಪಾಯ ತೋಡಿಸಿದ. ಕುರಿ ಕಡಿಯುವ ಮುಂಚೆ ಹಿರಿಯನಾಗಿ ದುವಾ ಪ್ರಾರ್ಥನೆ ಮಾಡಬೇಕೆಂದು ನನ್ನನ್ನು ಕರೆದ. ಅವನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ.

"ಸತ್ತೋರು ಎಷ್ಟು ಅಂತ ನನಗೆ ನೀವು ಹೇಳ್ಬೇಕಾ?" ಎಂದ. "ದೊಡ್ಡ ಮಗನ್ನ ಮಣ್ಣಿಗಿಟ್ಟಿದ್ದು ಈ ಕೈ. ಬೇರೆ ಜಾಗ ಕೊಡಲ್ಲ ಅಂದ್ಮೇಲೆ ಬರೋ ಸೊಸೇನ ಎಲ್ಲಿ ಇರಿಸ್ಲಿ, ನಿಮ್ಮ ಕಂಪ್ಯೂಟರ್ ಒಳಗಾ?"

"ಸಾಬಿರ್‌ಕುಲ್, ಕಾಯೋಣ. ನಾನು ಇನ್ನೊಂದು ಸಲ ಬರೀತೀನಿ."

"ಬರೀರಿ, ಬೇಡ ಅನ್ನಲ್ಲ. ಈಗ ಕೈ ಎತ್ತಿ ಅಕ್ಸಕಾಲ್. ಜನ ನಿಂತಿದ್ದಾರೆ, ಕುರಿನೂ ನಿಂತಿದೆ."

ಜನರೆಲ್ಲ ಅಂಗೈ ಚಾಚಿ ಕಾಯುತ್ತಿದ್ದರು. ಮದುಮಗಳಾಗುವ ಹುಡುಗಿ ಹೆಂಗಸರ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ನಾನು ಕೈ ಎತ್ತಿದೆ. ಈ ಮನೆ ಗಟ್ಟಿಯಾಗಿ ನಿಲ್ಲಲಿ, ಇದರಲ್ಲಿ ಮಕ್ಕಳು ಹುಟ್ಟಿ ಮುದುಕರಾಗುವವರೆಗೆ ಬದುಕಲಿ ಎಂದು ಹೇಳಬೇಕು. ಹೇಳಿದೆ, ಒಂದು ಮಾತನ್ನೂ ಬಿಡದೆ ಹೇಳಿದೆ. ಎಲ್ಲರೂ ಓಮಿನ್ ಎಂದು ಅಂಗೈಯಿಂದ ಮುಖ ಸವರಿಕೊಂಡು ಪ್ರಾರ್ಥನೆ ಮುಗಿಸಿದರು. ನನ್ನ ಕೈಗಳು ಮುಖದವರೆಗೆ ಬರಲಿಲ್ಲ.