ಬೀರುವಿನ ಕೆಳಗಿನ ಅರೆ

ನುಸಿಗುಳಿಗೆಯ ವಾಸನೆ, ಇಷ್ಟು ದಿನವಾದರೂ ಹೋಗಿಲ್ಲ, ಬೀರುವಿನ ಬಾಗಿಲು ತೆರೆದದ್ದೇ ತಡ ಮೂಗಿಗೆ ಬಡಿಯುತ್ತದೆ, ಅಕ್ಕ ಒಳಗೇ ಕೂತು ಉಸಿರು ಬಿಟ್ಟ ಹಾಗೆ — ಛೇ, ಬಿಡ್ತು ಅನ್ನು, ಅಕ್ಕ ಹೋಗಿ ಹನ್ನೊಂದು ತಿಂಗಳಾಯಿತು, ಎಂದುಕೊಂಡು ಅವಳು ಮೇಲಿನ ಶಾಲನ್ನು ಎಳೆಯುತ್ತಾಳೆ, ಮೂರು ಗುಡ್ಡೆ ಮಾಡಮ್ಮ, ಇಟ್ಕೊಳ್ಳೋದು, ಕೊಡೋದು, ಎಸೆಯೋದು, ಯೋಚ್ನೆ ಮಾಡ್ತಾ ಕೂರ್ಬೇಡ, ಎಂದು ಹೇಳಿ ಹೋಗಿದ್ದಾಳೆ ಮಗಳು, ಪರೀಕ್ಷೆಗೆ ಓದಲು ಅವಳಿಗೆ ಈ ಕೋಣೆ ಬೇಕು, ನ್ಯಾಯವೇ, ಸತ್ತವರಿಗೆ ಕೋಣೆ ಯಾಕೆ, ಆದರೆ ಈ ಶಾಲು ಯಾವ ಗುಡ್ಡೆಗೆ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು, ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹಾಸಿಗೆಬಟ್ಟೆ ಮಡಿಸಿದ ಕೈ, ಅಕ್ಕ ಮಡಿಸಿದರೆ ಗಾಳಿಗೂ ನುಸುಳಲು ಜಾಗವಿಲ್ಲ ಎಂದು ಮನೆಯವರೆಲ್ಲ ನಗುತ್ತಿದ್ದರು, ಅಕ್ಕ ಮಾತ್ರ ನಗುತ್ತಿರಲಿಲ್ಲ, ನಿಂಗೆ ನಿನ್ನ ವಸ್ತು ಒಂದರ ಮೇಲೂ ನಿಗಾ ಇಲ್ಲ ಕಣೇ, ಇನ್ನೊಬ್ರು ಕಾಯ್ಬೇಕು — ಕಾಯಬೇಕು, ಆಗ ಆ ಮಾತು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗಿತ್ತು, ಕೊಡೋದು, ಕೊಡೋದು, ಎಸೆಯೋದು, ಮಂಡಿಯೂರಿ ಕೆಳಗಿನ ಅರೆಗೆ ಕೈ ಹಾಕಿದರೆ ಹಿಂಭಾಗದಲ್ಲಿ ತಣ್ಣಗೆ ಏನೋ, ಬಿಸ್ಕತ್ತಿನ ಡಬ್ಬಿ, ಮುಚ್ಚಳ ಬಿಗಿ, ಉಗುರಿನಿಂದ ಮೀಟಿದರೆ ಟಪ್ಪೆಂದು ಬಿಟ್ಟಿತು.

ಒಳಗೆ ಹತ್ತಿ, ಹತ್ತಿಯ ಮೇಲೆ ಸಾಲಾಗಿ, ಮಲಗಿಸಿದ ಹಾಗೆ — ತನ್ನದೇ ಬಾಚಣಿಗೆ, ಹಲ್ಲು ಮುರಿದದ್ದು, ಮದುವೆಗೂ ಮುಂಚಿನದು, ತನ್ನದೇ ಹಳೆಯ ಕನ್ನಡಕ, ಗೋದಾಮಿನ ಬೀಗದ ಕೈ, ಅದು ಕಳೆದು ತನ್ನ ಕೆಲಸವೇ ಹೋಗುವುದರಲ್ಲಿತ್ತು, ಆಮೇಲೆ ಕೆಂಪು ಹರಳಿನ ಓಲೆ, ಒಂದೇ ಒಂದು, ದೇವರೇ, ಓಲೆ — ಅದು ಕಳೆದ ದಿನ ಕೆಲಸದವಳು ಬಾಗಿಲಲ್ಲಿ ನಿಂತಿದ್ದಳು, ಕಣ್ಣ ಮುಂದೆ ಇನ್ನೂ ನಿಂತೇ ಇದ್ದಾಳೆ, ನನ್ ಮಕ್ಕಳಾಣೆಗೂ ನಾನು ತಗೊಂಡಿಲ್ಲಮ್ಮ, ಹತ್ತು ವರ್ಷ ನಿಮ್ಮನೆ ಗುಡ್ಸಿದೀನಿ, ಹಾಗಾದ್ರೆ ಓಲೆಗೇನು ಕಾಲು ಬಂತಾ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದು ತಾನೇ, ಆಮೇಲೆ ಆ ಬೀದಿಯಲ್ಲಿ ಒಬ್ಬರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ, ಅಕ್ಕ ಇದೇ ಹೊಸ್ತಿಲಲ್ಲಿ ದಿಂಬಿನ ಚೀಲ ಮಡಿಸುತ್ತ, ಹೋಗ್ಲಿ ಬಿಡೇ, ಹೋದದ್ದು ಹೋಯ್ತು, ಅಷ್ಟೇ, ಕಣ್ಣೆತ್ತಲಿಲ್ಲ, ಅಯ್ಯೋ ಅಕ್ಕ, ನೋಡಿಕೊಂಡು ಹೇಗೆ ನಿಂತೆ, ಆ ಹೆಂಗಸನ್ನು ಹುಡುಕಬೇಕು, ಕಾಲು ಹಿಡಿದಾದರೂ ಹೇಳಬೇಕು, ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ — ಹತ್ತಿಯ ಕೊನೆಯಲ್ಲಿ ಇನ್ನೂ ಒಂದಿದೆ, ಬಿಳಿ ಗುಂಡಿ, ನಾಲ್ಕು ತೂತು, ತೂತಿನಲ್ಲಿ ಸಿಕ್ಕಿಕೊಂಡ ಒಂದೆಳೆ ನೀಲಿ ದಾರ, ಇದು ಯಾವಾಗ ಕಳೆದದ್ದು, ಇಂಥ ಗುಂಡಿಯ ಅಂಗಿ ತನ್ನ ಹತ್ತಿರ ಎಲ್ಲಿತ್ತು, ಇದು ಮೊನ್ನೆ ಮಗಳು ತಂದುಕೊಟ್ಟ ಈ ಅಂಗಿಯ ಗುಂಡಿಯ ಹಾಗೆ, ಬೆಳಿಗ್ಗೆ ಕನ್ನಡಿಯ ಮುಂದೆ ಒಂದೊಂದೇ ಗುಂಡಿ ಹಾಕಿಕೊಂಡ ಈ ಅಂಗಿ, ಅಮ್ಮಾ, ಕೋಣೆ ಖಾಲಿ ಆಯ್ತಾ, ಮೆಟ್ಟಿಲ ಕೆಳಗಿನಿಂದ ಮಗಳು, ಆಯ್ತು ಎನ್ನಬೇಕು, ತೋಳು ತಿರುಗಿಸಿ ನೋಡಿದರೆ ಎಡಗೈಯ ತೋಳಿನಂಚು ತೆರೆದುಕೊಂಡು ಜೋಲುತ್ತಿದೆ, ಅಲ್ಲಿ ನೀಲಿ ದಾರ, ಕಿತ್ತು ಬಂದದ್ದಲ್ಲ, ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು, ಆಯ್ತಾ ಅಮ್ಮಾ, ನೀಲಿ ದಾರ, ಅಂಚಿಗೆ ಅಂಚು, ನೀಲಿ ದಾರ