ಕಣ್ಣು ಮುಚ್ಚಿ ಹೇಳಿದ ಮಾತು

ಮೂವತ್ತು ವರ್ಷ ಚರ್ಚಿನ ಅಡುಗೆಮನೆಯಲ್ಲಿ ಭಾನುವಾರದ ಸಾರು ಕುದಿಸಿದ ಮಲ್‌ಸುಕ್ ಐದು ವಾರದಿಂದ ಸೌಟು ಮುಟ್ಟಿಲ್ಲ. ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಾದಕ್ಕೂ ಕಾಯದೆ ಎದ್ದು ಹೋಗುತ್ತಾಳೆ.

ಆದದ್ದಿಷ್ಟು. ಐದು ವಾರದ ಹಿಂದಿನ ಭಾನುವಾರ ಸಭೆಯ ಪರವಾಗಿ ಪ್ರಾರ್ಥಿಸುವ ಸರದಿ ಚರ್ಚಿನ ಹಿರಿಯರಲ್ಲೊಬ್ಬರಾದ ಪ್ಯೋ ಅವರದು. ಎದುರಿಗೆ ಬೈಯಲು ಧೈರ್ಯವಿಲ್ಲದವರು ನಮ್ಮಲ್ಲಿ ದೇವರ ಹೆಗಲ ಮೇಲೆ ಬಂದೂಕಿಡುತ್ತಾರೆ. ಎಲ್ಲರೂ ಕಣ್ಣು ಮುಚ್ಚಿದ್ದಾಗ ಪ್ಯೋ, "ಕರ್ತನೇ, ಒಂದು ಕಾಲು ನಿನ್ನ ಆಲಯದಲ್ಲಿ, ಇನ್ನೊಂದು ಕಾಲು ದೆವ್ವ ಕುಣಿಸುವವಳ ಅಂಗಳದಲ್ಲಿಟ್ಟ ಅಡುಗೆಮನೆಯ ಸೋದರಿಯನ್ನು ತಿದ್ದು" ಎಂದರು. ಮುನ್ನೂರು ಬಾಯಿ "ಆಮೆನ್" ಎಂದವು.

ಮೈಮೇಲೆ ದೆವ್ವ ಬರಿಸಿಕೊಂಡು ಕುಣಿದು ಭವಿಷ್ಯ ಹೇಳುವ ಆ ಹೆಂಗಸಿನ ಅಂಗಳದ ಹಿಂದಿನ ಬಾಡಿಗೆ ಕೋಣೆಯಲ್ಲಿ ಹೊಟ್ಟೆಯ ಕಾಯಿಲೆಯಿಂದ ಮಲಗಿದ್ದವಳು ಮಲ್‌ಸುಕ್‌ಳ ತಂಗಿ. ಅಕ್ಕ ದಿನಾ ಒಯ್ಯುತ್ತಿದ್ದದ್ದು ಗಂಜಿ. ಅದೇ ವಾರ ತಂಗಿ ತೀರಿಕೊಂಡಳು. ಸತ್ಯ ಪ್ಯೋ ಅವರಿಗೆ ತಿಳಿದದ್ದು ಶವಯಾತ್ರೆಯ ದಿನ.

ಪ್ಯೋ ಪೇರು ಹಣ್ಣಿನ ಪೆಟ್ಟಿಗೆ ಹಿಡಿದು ಮನೆಗೆ ಬಂದರು.

"ತಪ್ಪಾಯ್ತಕ್ಕ. ಯಾರೋ ಹೇಳಿದ್ರು, ನಂಬಿಬಿಟ್ಟೆ. ಕ್ಷಮಿಸಿಬಿಡಿ."

"ಕ್ಷಮಿಸಿದ್ದಾಯ್ತು ಹಿರಿಯರೇ. ಹಣ್ಣು ತಗೊಂಡ್ಹೋಗಿ, ಅಗಿಯೋಕೆ ನನಗೆ ಹಲ್ಲಿಲ್ಲ."

"ಅಡುಗೆಮನೆಗೆ ಬನ್ನಿ. ನೀವಿಲ್ದೆ ಸಾರು ಬರೀ ನೀರು."

"ಮುನ್ನೂರು ಜನರ ಮುಂದೆ ಉಗಿದದ್ದನ್ನ ಇಲ್ಲಿ ನನ್ನೊಬ್ಬಳ ಮುಂದೆ ಒರೆಸಿದ್ರೆ ಹೋಗುತ್ತಾ?"

"ಮುಂದಿನ ಸರದೀಲಿ ಪ್ರಾರ್ಥನೆಯಲ್ಲೇ ಹೇಳ್ತೀನಿ."

"ದೇವರಿಗ್ಯಾಕೆ ಹೇಳ್ತೀರಿ? ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರು ಬೆಂಚಿನ ಮೇಲಿದ್ದಾರೆ."

ಕೋಪದಿಂದ ಅಂದದ್ದಲ್ಲ. ಕೋಪಿಸಿಕೊಳ್ಳಲೂ ತ್ರಾಣ ಬೇಕು, ಅವಳಲ್ಲಿ ಅದು ಉಳಿದಿರಲಿಲ್ಲ.

ಆರನೆಯ ಭಾನುವಾರ ಪ್ಯೋ ಮೈಕಿನ ಮುಂದೆ ನಿಂತರು. ವಾಡಿಕೆಯಂತೆ ಎಲ್ಲರೂ ತಲೆ ಬಗ್ಗಿಸಿದರು.

"ಕಣ್ಣು ಬಿಡಿ. ಇದು ನಿಮಗೆ ಹೇಳೋ ಮಾತು," ಎಂದರು. ಮಲ್‌ಸುಕ್‌ಳ ಹೆಸರು ಹೇಳಿದರು, ತಂಗಿಯ ಕಾಯಿಲೆ ಹೇಳಿದರು, ವಿಚಾರಿಸದೆ ಮಾನ ಕಳೆದವನು ನಾನೇ ಎಂದರು. ಯಾವ ಹಿರಿಯರೂ ಹೀಗೆ ನಿಂತದ್ದನ್ನು ನಮ್ಮ ಚರ್ಚು ಕಂಡಿರಲಿಲ್ಲ.

ತಲೆಗಳು ಹಿಂದಕ್ಕೆ ತಿರುಗಿದವು. ಆರು ವಾರ ಕಾದ ಮಾತು ಬಂದಿತ್ತು. ಆದರೂ ಮಲ್‌ಸುಕ್‌ಳ ಎದೆ ಹಗುರಾಗಲಿಲ್ಲ. ಮುಂದಿನ ಬೆಂಚು ಹಿಡಿದು ಎದ್ದಳು.

"ಹಿರಿಯರು ತಮ್ಮದು ಹೇಳಿದ್ರು. ನಂದೂ ಕೇಳಿ. ಆ ಪ್ರಾರ್ಥನೆ ಆದ್ಮೇಲೆ ಮೂರು ದಿನ ನಾನು ಗಂಜಿ ಒಯ್ಯಲಿಲ್ಲ, ನಿಮ್ಮ ಕಣ್ಣಿಗೆ ಹೆದರಿ. ನಾಲ್ಕನೇ ದಿನ ಹೋದೆ. ಅವಳಿರಲಿಲ್ಲ."

ಯಾರೂ ಆಮೆನ್ ಅನ್ನಲಿಲ್ಲ.